ಕುದುರೆಮುಖದ ಕಾಲುದಾರಿ

ಕೇಳುಗರಿಗೆ ನಮಸ್ಕಾರ. ಕುದುರೆಮುಖ ಹತ್ತುತ್ತೇವೆ, ಏನೇನು ತರಬೇಕು ಸಾರ್ ಎಂದು ಕೇಳುವವರು ಬಹಳ ಮಂದಿ. ಯಾವ ಶೂ, ಎಂಥ ರೇನ್‌ಕೋಟು, ಕೋಲು ಬೇಕಾ? ಏನಾದರೂ ತನ್ನಿ. ನಾನು ಹೇಳುವುದು ಒಂದೇ ಮಾತು: ಕಾಲುದಾರಿ ಬಿಡಬೇಡಿ.

ಈಗ ಹತ್ತುವುದು ಕಳಸದ ಕಡೆಯ ಮುಳ್ಳೋಡಿಯಿಂದ. 1987ರಿಂದ ಇದು ರಾಷ್ಟ್ರೀಯ ಉದ್ಯಾನ, ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹೋಗಿಬರಲು ಸುಮಾರು 20 ಕಿಲೋಮೀಟರು. ರಾತ್ರಿ ಮೇಲೆ ತಂಗುವಂತಿಲ್ಲ. ಹಳ್ಳಗಳನ್ನು ದಾಟಿ ಒಂಟಿಮರದ ಹತ್ತಿರ ಬಂದರೆ ಎದುರಿಗೆ ಬರೀ ಹುಲ್ಲುಗುಡ್ಡ, ಗುಡ್ಡಗಳ ಸಂದಿಯಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು.

ನಾನು ಮೊದಲ ಸಲ ಹೋದದ್ದು ಒಂದು ಮಳೆಗಾಲದ ಹೊತ್ತಿಗೆ. ದಾರಿ ತೋರಿಸಲು ಊರಿನ ಹಿರಿಯರೊಬ್ಬರಿದ್ದರು. ನನಗೋ ಪ್ರಾಯದ ಅವಸರ, ಅವರನ್ನು ಹಿಂದೆ ಬಿಟ್ಟು ನಡೆದೆ. ಐದು ನಿಮಿಷವಾಗಿಲ್ಲ, ಮಂಜು ಕವಿಯಿತು. ಚಾಚಿದ ಕೈ ಕಾಣದು. ಕಾಲಡಿಯ ದಾರಿ ಮಾತ್ರ ಬಹಳ ಚೆನ್ನಾಗಿತ್ತು: ಎರಡಡಿ ಅಗಲ, ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ನಂಬಿ ಹೋದೆ. ಸ್ವಲ್ಪ ಹೊತ್ತಿಗೆ ಅದು ಏರುವುದು ಬಿಟ್ಟು ಇಳಿಯತೊಡಗಿತು. ಆಗಲಾದರೂ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಮುಂದೆ ಹಸಿ ಸಗಣಿ, ಇನ್ನೂ ಹಬೆಯಾಡುತ್ತಿದೆ. ಅದರಾಚೆ ಕಾಡಂಚು. ಒಳಗಿನಿಂದ ಯಾರೋ ಮೂಗಲ್ಲಿ ಬುಸ್ಸೆಂದು ಉಸಿರು ಬಿಟ್ಟ ಹಾಗಾಯಿತು.

ಕಾಟಿ, ಅಂದರೆ ಕಾಡುಕೋಣ! ನಾನು ಬಂದದ್ದು ಕಾಟಿಗಳು ತುಳಿದು ತುಳಿದು ಮಾಡಿಕೊಂಡ ದಾರಿಯಲ್ಲಿ. ಹುಲ್ಲುಗುಡ್ಡದಲ್ಲಿ ಮೇಯುವುದು, ಶೋಲಾದೊಳಗೆ ಹೋಗಿ ಮಲಗುವುದು, ಅದೇ ಅವುಗಳ ದಿನಚರಿ. ನಾನು ನಿಂತಲ್ಲೇ ಕಲ್ಲಾದೆ. ಎಷ್ಟೋ ಹೊತ್ತಿನ ಮೇಲೆ ಗುಡ್ಡದ ಮೇಲಿಂದ "ಕೂ..." ಎಂಬ ಕೂಗು ಕೇಳಿತು. ಆ ದನಿಯ ಜಾಡು ಹಿಡಿದು, ಹಿಂದೆ ತಿರುಗಿ ನೋಡದೆ ಹತ್ತಿದೆ. ಹಿರಿಯರು ಕವಳ ಜಗಿಯುತ್ತಾ ಕೂತಿದ್ದರು. "ಕಾಟಿ ದಾರಿ ನಮ್ದಕ್ಕಿಂತ ಚಂದ ಇರ್ತದೆ ಮಾರಾಯ್ರೆ, ಆದ್ರೆ ಅದು ಹೋಗೋದು ಕಾಟಿ ಮನೆಗೆ" ಅಂದರು. ಅಷ್ಟೇ. ಬೈಯಲೂ ಇಲ್ಲ.

ಸಮಯ ಮುಗಿಯಿತೆಂದು ಗಾಜಿನ ಆಚೆಯಿಂದ ಕೈಸನ್ನೆ ಮಾಡುತ್ತಿದ್ದಾರೆ. ಸಿಂಗಳೀಕದ ಬಗ್ಗೆ ಎರಡೇ ಮಾತು. ಅದನ್ನು ಹುಲ್ಲುಗುಡ್ಡದಲ್ಲಿ ಹುಡುಕಬೇಡಿ, ಅದು ದಟ್ಟ ಕಾಡಿನಲ್ಲಿ ಮರದ ತುದಿ ಬಿಟ್ಟು ಇಳಿಯುವುದೇ ಅಪರೂಪ. ಫೋಟೋಗೆಂದು ಹುಲ್ಲಿಗೆ ಇಳಿಯುತ್ತೀರಲ್ಲ, ನೂರು ಜನ ಹಾಗೆ ತುಳಿದರೆ ಹುಲ್ಲು ಸಾಯುತ್ತದೆ, ಮಳೆಗೆ ಮಣ್ಣು ಕೊಚ್ಚಿಹೋಗುತ್ತದೆ. ಇನ್ನು ಇಂಬಳ, ಅಂದರೆ ಜಿಗಣೆ. ಕಾಲಿಗೆ ಹತ್ತಿದರೆ ಕಿರುಚಿಕೊಂಡು ಪಕ್ಕಕ್ಕೆ ಹಾರಬೇಡಿ. ದಾರಿಯ ಮೇಲೇ ನಿಂತು ಒಂದಿಷ್ಟು ಸುಣ್ಣ ಹಚ್ಚಿ, ತಾನಾಗಿ ಬಿಡುತ್ತದೆ. ನಮಸ್ಕಾರ.