ಜಕಾರ್ತಾದ ಆ ಫೋಟೋ

ಎಲ್ಲರಿಗೂ ನಮಸ್ಕಾರ. 1997ರ ಏಷ್ಯಾದ ಹಣಕಾಸು ಬಿಕ್ಕಟ್ಟಿನ ಅಂಕಿಸಂಖ್ಯೆಗೆ ಹೋಗುವ ಮೊದಲು ಒಂದು ಫೋಟೋದ ವಿಷಯ ಹೇಳುತ್ತೇನೆ. 1998ರ ಜನವರಿ 15, ಜಕಾರ್ತಾ. ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೊ ಮೇಜಿನ ಮೇಲೆ ಬಗ್ಗಿ ಸಾಲದ ಕಾಗದಕ್ಕೆ ಸಹಿ ಹಾಕುತ್ತಿದ್ದಾರೆ. ಪಕ್ಕದಲ್ಲೇ ಆ ಸಾಲ ಕೊಡುವ ಅಂತಾರಾಷ್ಟ್ರೀಯ ಹಣಕಾಸು ನಿಧಿ, ಅಂದರೆ ಐಎಂಎಫ್‌ನ ಮುಖ್ಯಸ್ಥ ಮಿಶೆಲ್ ಕಾಮ್‌ಡೆಸ್ಯೂ ಕೈಕಟ್ಟಿ ನಿಂತು ನೋಡುತ್ತಿದ್ದಾರೆ, ಥೇಟ್ ಪರೀಕ್ಷೆ ಕೋಣೆಯ ಮೇಷ್ಟ್ರ ಹಾಗೆ. ಏಷ್ಯಾದ ಎಷ್ಟೋ ಜನ ಆ ಚಿತ್ರವನ್ನು ಇನ್ನೂ ಮರೆತಿಲ್ಲ.

ಬಿಕ್ಕಟ್ಟು ಶುರುವಾದದ್ದು ಥಾಯ್ಲೆಂಡಿನಲ್ಲಿ. 1997ರ ಜುಲೈ 2ರಂದು ಅಲ್ಲಿನ ಸರ್ಕಾರ ತನ್ನ ನಾಣ್ಯ ಬಾತ್‌ನ ಬೆಲೆ ಹಿಡಿದಿಡಲಾಗದೆ ಕೈಬಿಟ್ಟಿತು. ಬೆಂಕಿ ಇಂಡೋನೇಷ್ಯಾ, ದಕ್ಷಿಣ ಕೊರಿಯಾಗಳಿಗೂ ಹಬ್ಬಿತು. ಸಾಲ ಕೊಡಲು ಬಂದವರ ಷರತ್ತು ಹೆಚ್ಚುಕಡಿಮೆ ಒಂದೇ: ಬಡ್ಡಿ ಏರಿಸಿ, ಸರ್ಕಾರದ ಖರ್ಚು ಕತ್ತರಿಸಿ, ಮುಳುಗುತ್ತಿರುವ ಬ್ಯಾಂಕುಗಳನ್ನು ಮುಚ್ಚಿ. ಇಂಡೋನೇಷ್ಯಾ ಆ ನವೆಂಬರಿನಲ್ಲಿ ಒಂದೇ ಏಟಿಗೆ 16 ಬ್ಯಾಂಕುಗಳಿಗೆ ಬೀಗ ಹಾಕಿತು. ನಮ್ಮ ಬ್ಯಾಂಕಿಗೂ ಇದೇ ಗತಿ ಅಂತ ಹೆದರಿದ ಜನ ಉಳಿದ ಬ್ಯಾಂಕುಗಳಿಂದಲೂ ದುಡ್ಡು ತೆಗೆಯಲು ಮುಗಿಬಿದ್ದರು.

ಹೊರಗಿನವರ ಬೈಗುಳವೂ ಜಾಸ್ತಿಯಾಯಿತು. ಇಲ್ಲಿ ನಡೆಯೋದು ವ್ಯಾಪಾರವಲ್ಲ, ನೆಂಟರಿಷ್ಟರಿಗೆ ಹಂಚಿಕೊಡುವ ಆಟ ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಸುಹಾರ್ತೊ ಮಕ್ಕಳ ಕಂಪನಿಗಳ ಕಥೆ ಲೋಕಕ್ಕೇ ಗೊತ್ತಿತ್ತು. ಆದರೆ ಅದು ಅವತ್ತೇ ಗೊತ್ತಾದದ್ದೂ ಅಲ್ಲ. ಇದೇ ದೇಶಗಳನ್ನು 1993ರಲ್ಲಿ ವಿಶ್ವಬ್ಯಾಂಕ್ ಪವಾಡ ಎಂದು ಹೊಗಳಿ ಇಡೀ ಒಂದು ವರದಿ ಬರೆದಿತ್ತು. ಆಗ ನೆಂಟರು ಕಣ್ಣಿಗೆ ಬಿದ್ದಿರಲಿಲ್ಲ.

ಈಗ ಹತ್ತು ವರ್ಷ ಮುಂದೆ ಬನ್ನಿ. 2008ರ ಸೆಪ್ಟೆಂಬರ್ 15ರಂದು ಅಮೆರಿಕದಲ್ಲಿ ಲೇಹ್‌ಮನ್ ಬ್ರದರ್ಸ್ ಎಂಬ ದೊಡ್ಡ ಬ್ಯಾಂಕ್ ದಿವಾಳಿಯಾಯಿತು. ಮರುದಿನವೇ ಎಐಜಿ ಎಂಬ ವಿಮಾ ಕಂಪನಿಗೆ ಅಲ್ಲಿನ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 8,500 ಕೋಟಿ ಡಾಲರ್ ಸಾಲ ಕೊಟ್ಟಿತು. ಅಕ್ಟೋಬರಿನಲ್ಲಿ ಬ್ಯಾಂಕುಗಳನ್ನು ಉಳಿಸಲು 70,000 ಕೋಟಿ ಡಾಲರಿನ ಕಾಯ್ದೆ ಬಂತು. ಡಿಸೆಂಬರಿನಲ್ಲಿ ಬಡ್ಡಿದರ ಸೊನ್ನೆಯ ಹತ್ತಿರ. ಮರುವರ್ಷ ಸರ್ಕಾರದ ಖರ್ಚು ಕತ್ತರಿಸುವ ಬದಲು ಇನ್ನಷ್ಟು ಸುರಿದರು. ಏಷ್ಯಾಕ್ಕೆ ಹೇಳಿದ್ದರ ತದ್ವಿರುದ್ಧ, ಅಲ್ವಾ?

ಯಾರಿಗೆ ಸಾಲ ಕೊಡಬಹುದು ಅಂತ ದರ್ಜೆ ಕೊಡುವ ರೇಟಿಂಗ್ ಸಂಸ್ಥೆಗಳ ಕಥೆ ಇನ್ನೂ ಚೆನ್ನಾಗಿದೆ. 1997ರ ಕೊನೆಯ ಕೆಲವೇ ತಿಂಗಳಲ್ಲಿ ಅವು ಕೊರಿಯಾವನ್ನು ‘ಹೂಡಿಕೆಗೆ ಯೋಗ್ಯವಲ್ಲ’ ಎಂಬ ಸಾಲಿಗೆ ತಳ್ಳಿದ್ದವು. ಲೇಹ್‌ಮನ್‌ಗೆ ಮಾತ್ರ ಅದು ಬಿದ್ದ ದಿನದವರೆಗೂ ‘ಎ’ ದರ್ಜೆ! ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ಹುಡುಕುವುದು ಅಂತಾರಲ್ಲ, ಅದೇ.

ಇಲ್ಲಿ ಒಬ್ಬರು ಎದ್ದು ನಿಂತು ಕೇಳಬಹುದು: ಸ್ವಾಮಿ, ಎರಡೂ ಒಂದೇನಾ? ಒಂದಲ್ಲ. ಇಂಡೋನೇಷ್ಯಾದ ಕಂಪನಿಗಳು ಡಾಲರಿನಲ್ಲಿ ಸಾಲ ಮಾಡಿದ್ದವು. ಅಲ್ಲಿನ ನಾಣ್ಯ ರುಪಿಯಾ ಬಿದ್ದಷ್ಟೂ ಸಾಲ ಬೆಳೆಯುತ್ತಿತ್ತು, ಅದನ್ನು ಹಿಡಿಯಲು ಬಡ್ಡಿ ಏರಿಸಿದರು. ಅಮೆರಿಕದ ಸಾಲ ಅದು ತಾನೇ ಅಚ್ಚು ಹಾಕುವ ಡಾಲರಿನಲ್ಲಿದೆ. ಈ ವಾದ ನನಗೆ ಒಪ್ಪಿಗೆ. ಆದರೆ ಇದು ಬಡ್ಡಿಗೆ ಸರಿ, ಖರ್ಚು ಕಡಿತಕ್ಕೆ ಅಲ್ಲ. ಏಷ್ಯಾದ ಈ ದೇಶಗಳ ಸರ್ಕಾರಗಳೇನೂ ಸಾಲ ಮಾಡಿ ತಿಂದು ಕೂತಿರಲಿಲ್ಲ. ಸಾಲ ಇದ್ದದ್ದು ಖಾಸಗಿಯವರದು. ಖರ್ಚಿಗೆ ಅಷ್ಟು ಬಿಗಿ ಮಾಡಬಾರದಿತ್ತೆಂದು ಐಎಂಎಫ್‌ನವರೇ ಆಮೇಲೆ ಒಪ್ಪಿಕೊಂಡರು. ಅಷ್ಟರಲ್ಲಿ ಜಕಾರ್ತಾದ ಬೀದಿಗಳಲ್ಲಿ ದೊಂಬಿಯಾಗಿ, ಅಂಗಡಿಗಳು ಸುಟ್ಟು, 1998ರ ಮೇ 21ರಂದು ಸುಹಾರ್ತೊ ಇಳಿದೂ ಆಗಿತ್ತು.

ಮಾತು ಕೇಳದವರೂ ಒಬ್ಬರಿದ್ದರು. ಮಲೇಷ್ಯಾ ಐಎಂಎಫ್ ಸಾಲವನ್ನೇ ತೆಗೆದುಕೊಳ್ಳಲಿಲ್ಲ. 1998ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಮಹತಿರ್ ಮೊಹಮದ್ ಬಂಡವಾಳ ಸುಮ್ನೆ ಹೊರಗೆ ಓಡದಂತೆ ತಡೆ ಹಾಕಿದರು. ಡಾಲರಿಗೆ 3.80 ರಿಂಗಿಟ್ ಎಂದು ಬೆಲೆ ಕಟ್ಟಿಬಿಟ್ಟರು. ಮಹತಿರ್ ಸಂತರೇನಲ್ಲ. ಅದೇ ವಾರ ಉಪಪ್ರಧಾನಿ ಅನ್ವರ್ ಇಬ್ರಾಹಿಂರನ್ನು ಕಿತ್ತುಹಾಕಿ, ಆಮೇಲೆ ಜೈಲಿಗೂ ಕಳಿಸಿದರು. ಅದಕ್ಕೆ ಬೈದವರದು ನ್ಯಾಯ. ಆದರೆ ದೇಶ ಮುಳುಗಿಯೇ ಹೋಯಿತು ಎಂದವರ ಮಾತು ಸುಳ್ಳಾಯಿತು. ಮರುವರ್ಷವೇ ಮಲೇಷ್ಯಾ ಮತ್ತೆ ಬೆಳೆಯತೊಡಗಿತು.

ಕೆಲವು ಸಂದರ್ಭಗಳಲ್ಲಿ ಇಂಥ ತಡೆ ತಪ್ಪಲ್ಲ ಎಂದು ಐಎಂಎಫ್ ಅಧಿಕೃತವಾಗಿ ಹೇಳಿದ್ದು 2012ರಲ್ಲಿ. ಮಲೇಷ್ಯಾ 3.80ರ ಆ ಗಂಟನ್ನು ಬಿಚ್ಚಿ ಆಗಲೇ ಏಳು ವರ್ಷವಾಗಿತ್ತು.