ಗೋಕು ಕೂದಲು ಹಳದಿಯಾಗಿದ್ದು ಯಾಕೆ? ಅನಿಮೆ ಮುಖಗಳು ಯಾವ ದೇಶದವು?

ನಮಸ್ಕಾರ ಎಲ್ಲರಿಗೂ.

ಈ ವಿಡಿಯೋಗೆ ಕಾರಣ ನನ್ನ ಅಕ್ಕನ ಮಗಳು. ಎಂಟು ವರ್ಷ. ಕಳೆದ ತಿಂಗಳು ಊರಿಗೆ ಹೋದಾಗ ನನ್ನ ಪಕ್ಕ ಕೂತು, ನನ್ನ ಫೋನ್ ಕಿತ್ತುಕೊಂಡು, ಡ್ರ್ಯಾಗನ್ ಬಾಲ್ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಕೇಳಿದಳು: "ಮಾವ, ಇದು ಜಪಾನ್ ಕಾರ್ಟೂನ್ ಅಂದೆ. ಮತ್ತೆ ಇವನ ಕೂದಲು ಯಾಕೆ ಹಳದಿ? ಇವನು ಇಂಗ್ಲಿಷ್‌ನವನಾ?"

"ಅದು ಸುಮ್ನೆ ಹಾಗೆ ಪುಟ್ಟಿ" ಅಂದೆ. ಅವಳು ನನ್ನನ್ನು ನೋಡಿದ ರೀತಿ ಇತ್ತಲ್ಲ, ಹೋಮ್‌ವರ್ಕ್ ಮಾಡದೆ ಬಂದ ಹುಡುಗನನ್ನು ಟೀಚರ್ ನೋಡುವ ಹಾಗೆ. ಅವತ್ತು ರಾತ್ರಿಯಿಂದ ಇದರ ಹಿಂದೆ ಬಿದ್ದಿದ್ದೇನೆ.

ಬೇಸಿಕ್ಸ್ ಬೇಗ ಮುಗಿಸೋಣ. ಅನಿಮೆ ಅಂದರೆ ಜಪಾನಿನ ಅನಿಮೇಷನ್. ಮಂಗಾ ಅಂದರೆ ಅಲ್ಲಿನ ಕಾಮಿಕ್ಸ್. ಬಹಳಷ್ಟು ಅನಿಮೆ ಹುಟ್ಟುವುದು ಮಂಗಾದಿಂದ, ಮತ್ತು ಮಂಗಾ ಅಚ್ಚಾಗುವುದು ಹೆಚ್ಚಾಗಿ ಕಪ್ಪು-ಬಿಳುಪಿನಲ್ಲಿ. ಆ ಕಪ್ಪು-ಬಿಳುಪು ಅನ್ನೋದನ್ನು ಮಾತ್ರ ನೆನಪಿಟ್ಟುಕೊಳ್ಳಿ, ಉಳಿದದ್ದು ಮರೆತರೂ ನಡೆಯುತ್ತದೆ.

(ಪರದೆ ಮೇಲೆ: ಕಪ್ಪು ಕೂದಲಿನ ಗೋಕು, ಪಕ್ಕದಲ್ಲಿ ಹಳದಿ ಕೂದಲಿನ ಗೋಕು)

ಈಗ ಗೋಕು, ಡ್ರ್ಯಾಗನ್ ಬಾಲ್‌ನ ನಾಯಕ. ಅವನ ಹೆಸರೇ ಚೀನಾದಿಂದ ಬಂದದ್ದು. ಚೀನೀ ಪುರಾಣದ ಕಪಿರಾಜ ಸುನ್ ವುಕಾಂಗ್ ಇದ್ದಾನಲ್ಲ, ಆ ಹೆಸರಿನ ಅಕ್ಷರಗಳನ್ನು ಜಪಾನಿನವರು ಓದುವುದೇ ‘ಸೋನ್ ಗೋಕು’ ಅಂತ. ಕಥೆಯಲ್ಲಿ ಅವನು ಬೇರೆ ಗ್ರಹದಿಂದ ಬಂದವನು. ಮೊದಲಿಂದ ಕಪ್ಪು ಕೂದಲು. 1991ರಲ್ಲಿ, ಗೆಳೆಯ ಕ್ರಿಲಿನ್‌ನನ್ನು ಫ್ರೀಜಾ ಕೊಂದ ಸಿಟ್ಟಿಗೆ, ಮೊದಲ ಸಲ ‘ಸೂಪರ್ ಸಯಾನ್’ ಅನ್ನೋ ಮಹಾಶಕ್ತಿಯ ರೂಪ ತಾಳುತ್ತಾನೆ. ಕೂದಲು ನೆಟ್ಟಗೆ ನಿಂತು ಬೆಳ್ಳಗಾಗುತ್ತದೆ, ಅನಿಮೆಯಲ್ಲಿ ಚಿನ್ನದ ಬಣ್ಣ. ಎಷ್ಟೋ ಜನ ಇಲ್ಲಿಗೆ ಬಂದು, ನೋಡಿ, ಶಕ್ತಿಶಾಲಿ ಆಗಬೇಕಾದರೆ ಬಿಳಿಯನ ರೂಪ ತಾಳಬೇಕು ಅನ್ನೋ ಮನಸ್ಥಿತಿ ಇದು ಅಂತ ದೊಡ್ಡ ಥಿಯರಿ ಬಿಡುತ್ತಾರೆ.

ಬರೆದವರು ಅಕಿರಾ ತೋರಿಯಾಮಾ. ಅವರು ಹೇಳಿಕೊಂಡ ಕಾರಣ ಏನು ಗೊತ್ತಾ? ಇಂಕು. ಗೋಕು ಕೂದಲಿಗೆ ಕಪ್ಪು ತುಂಬುತ್ತಾ ತುಂಬುತ್ತಾ ಅವರ ಅಸಿಸ್ಟೆಂಟ್‌ಗೆ ಹೊತ್ತು ಹೋಗುತ್ತಿತ್ತು. ಮಂಗಾ ಸ್ಟುಡಿಯೋಗಳಲ್ಲಿ ಹೀಗೆ ಕಪ್ಪು ತುಂಬುವ ಕೆಲಸಕ್ಕೆ ‘ಬೆತಾ’ ಅಂತಾರೆ. ವಾರಕ್ಕೊಂದು ಕಂತು, ಪ್ರತಿ ಪುಟದಲ್ಲಿ ನಾಲ್ಕೈದು ಗೋಕು, ಪ್ರತಿ ಗೋಕುವಿನ ತಲೆ ಮೇಲೆ ಅನಾನಸ್ ಗಿಡದಂಥ ಕೂದಲು, ಅದರ ಒಂದೊಂದು ಮೂಲೆಗೂ ಬ್ರಷ್ ಹಿಡಿದು ಕಪ್ಪು ಬಳಿಯಬೇಕು, ಗಡಿ ದಾಟಬಾರದು. ಬಿಳಿ ಬಿಟ್ಟುಬಿಟ್ಟರೆ? ಕೆಲಸವೇ ಇಲ್ಲ! ಮೇಲಿಂದ ‘ರೂಪ ಬದಲಾಯಿತು’ ಅಂತ ಓದುಗರು ಬಾಯಿ ಬಿಟ್ಟು ನೋಡುತ್ತಾರೆ. ಜಗತ್ತಿನ ಅತಿ ಪ್ರಸಿದ್ಧ ಹೊಂಬಣ್ಣದ ಕೂದಲು ಹುಟ್ಟಿದ್ದು ಡೆಡ್‌ಲೈನ್ ತಪ್ಪಿಸಿಕೊಳ್ಳುವ ಉಪಾಯದಿಂದ. ನಾನೂ ವಾರಕ್ಕೊಂದು ವಿಡಿಯೋ ಎಡಿಟ್ ಮಾಡುವವನು, ಹಾಗಾಗಿ ಈ ಕಾರಣ ಓದಿ ನನಗೆ ಕಣ್ಣಲ್ಲಿ ನೀರೇ ಬಂತು.

ಇನ್ನೂ ಇದೆ, ತಾಳಿ. ಸೂಪರ್ ಸಯಾನ್ ಆದಾಗ ಗೋಕು ಕಣ್ಣು ಬದಲಾಗುತ್ತದೆ, ಚೂಪಾಗಿ ಗುರಾಯಿಸುತ್ತಾನೆ. ಆ ನೋಟಕ್ಕೆ ಮಾದರಿ ಬ್ರೂಸ್ ಲೀ ಅಂತ ತೋರಿಯಾಮಾ ಅವರೇ ಹೇಳಿದ್ದಾರೆ. ಅಂದರೆ ‘ಬಿಳಿಯ’ ಗೋಕುವಿನ ಲೆಕ್ಕ ಹೀಗಿದೆ: ಹೆಸರು ಚೀನಾದ ಕಪಿಯದ್ದು, ಕಣ್ಣು ಹಾಂಗ್‌ಕಾಂಗ್‌ನ ನಟನದ್ದು, ಕೂದಲು ಉಳಿಸಿದ ಇಂಕಿನದ್ದು. ಇದರಲ್ಲಿ ಇಂಗ್ಲಿಷ್‌ನವನನ್ನು ಎಲ್ಲಿ ಹುಡುಕೋಣ ಪುಟ್ಟಿ?

ಗೋಕು ಒಬ್ಬನ ಕಥೆ ಇಷ್ಟಾಯಿತು. ಉಳಿದವರ ಗುಲಾಬಿ, ಹಸಿರು, ನೇರಳೆ ಕೂದಲು?

ಇದಕ್ಕೆ ನನಗೆ ಹೊಳೆದಿದ್ದು ಯಕ್ಷಗಾನ. ಆಟ ನೋಡಲು ಹೋಗಿದ್ದೀರಿ. ರಂಗದ ಮೇಲೆ ಕೇದಗೆ ಮುಂದಲೆ ಕಟ್ಟಿದ ವೇಷ ಬಂತು. ಅವನು ಬಾಯಿ ಬಿಡುವ ಮೊದಲೇ ನಿಮಗೆ ಗೊತ್ತು, ಇವನು ಎಳೆಯ ವೀರ, ಅಭಿಮನ್ಯುವೋ ಬಭ್ರುವಾಹನನೋ ಇರಬೇಕು. ಬಣ್ಣದ ವೇಷ ಬಂತು, ಮುಖದ ತುಂಬ ಚಿಟ್ಟಿ, ಓಹೋ ರಾಕ್ಷಸ. ‘ಅಭಿಮನ್ಯು ನಿಜವಾಗಿ ಕುರುಕ್ಷೇತ್ರದಲ್ಲಿ ಇದನ್ನು ತಲೆ ಮೇಲೆ ಹೊತ್ತು ಓಡಾಡುತ್ತಿದ್ದನಾ’ ಅಂತ ಯಾರಾದರೂ ಕೇಳುತ್ತಾರಾ? ಕೇಳಿದರೆ ಪಕ್ಕದಲ್ಲಿ ಕೂತ ಅಜ್ಜ ಸುಮ್ನೆ ಬಿಡುವುದಿಲ್ಲ. ಅದು ಅವನು ಯಾರು ಅಂತ ದೂರದಿಂದಲೇ ಹೇಳುವ ಗುರುತು, ಅಷ್ಟೇ. ಅನಿಮೆಯ ಕೂದಲೂ ಹಾಗೇ. ಮುಖಗಳು ಹೆಚ್ಚು ಕಡಿಮೆ ಒಂದೇ ಅಚ್ಚು. ಕಪ್ಪು-ಬಿಳುಪು ಪುಟದಲ್ಲಿ ಐದು ಹುಡುಗಿಯರನ್ನು ಬೇರೆ ಬೇರೆ ಮಾಡಿ ತೋರಿಸಬೇಕಾದರೆ ಒಬ್ಬಳ ಕೂದಲು ಕಪ್ಪು, ಒಬ್ಬಳದ್ದು ಚುಕ್ಕೆ ಚುಕ್ಕೆಯ ಬೂದು, ಒಬ್ಬಳದ್ದು ಖಾಲಿ. ಟಿವಿಗೆ ಬಂದಾಗ ಖಾಲಿ ಬಿಟ್ಟಿದ್ದಕ್ಕೆ ಏನಾದರೂ ಬಣ್ಣ ಹಚ್ಚಲೇಬೇಕಲ್ಲ.

ಸೇಲರ್ ಮೂನ್ ತೆಗೆದುಕೊಳ್ಳಿ. ಅದರ ನಾಯಕಿ ಉಸಾಗಿ ತ್ಸುಕಿನೊ. ಹೊಂಬಣ್ಣದ ಎರಡು ಉದ್ದ ಜಡೆ, ನೀಲಿ ಕಣ್ಣು. ಆದರೆ ಟೋಕಿಯೋದ ಅಜಾಬು-ಜುಬಾನ್‌ನಲ್ಲಿ ಅಪ್ಪ ಅಮ್ಮ ತಮ್ಮನ ಜೊತೆ ಇರುವ ಅಪ್ಪಟ ಜಪಾನಿ ಹುಡುಗಿ, ಹೆಸರಿನ ಅರ್ಥವೇ ಚಂದ್ರನ ಮೊಲ. ಈಗ 1995ರ ಇವಾಂಗೆಲಿಯಾನ್‌ನ ಅಸುಕಾ ನೋಡಿ. ಅವಳಿಗೂ ನೀಲಿ ಕಣ್ಣು, ಕೆಂಪು ಕೂದಲು. ಅವಳು ಮಾತ್ರ ಜರ್ಮನಿಯಿಂದ ಬಂದವಳು. ಜಪಾನಿನ ನೋಡುಗರಿಗೆ ವ್ಯತ್ಯಾಸ ಹೇಗೆ ಗೊತ್ತಾಗುತ್ತದೆ? ಹೆಸರಿನಲ್ಲಿ ‘ಲ್ಯಾಂಗ್ಲಿ’ ಇದೆ, ಮಧ್ಯೆ ಮಧ್ಯೆ ಜರ್ಮನ್ ಬರುತ್ತದೆ, ಗತ್ತು ಬೇರೆ. ಮುಖ ನೋಡಿ ದೇಶ ಹೇಳಲು ಆಗುವುದಿಲ್ಲ, ಸುತ್ತ ಅಂಟಿಸಿದ ಚೀಟಿಗಳನ್ನು ಓದಬೇಕು.

ಸರಿ, ಕಣ್ಣು? ಅಷ್ಟು ದೊಡ್ಡ ಕಣ್ಣು ಯಾರದ್ದು?

ಇಲ್ಲಿ ಎಲ್ಲರೂ ಹೇಳುವ ಹೆಸರು ಒಸಾಮು ತೆಜುಕಾ. 1952ರಲ್ಲಿ ಆಸ್ಟ್ರೋ ಬಾಯ್ ಮಂಗಾ ಶುರು ಮಾಡಿದವರು, 1963ರ ಜನವರಿ 1ರಂದು ಅದನ್ನು ಟಿವಿಗೆ ತಂದವರು. ಅವರಿಗೆ ಅಮೆರಿಕದ ಕಾರ್ಟೂನ್ ಅಂದರೆ ಹುಚ್ಚು, ‘ಬ್ಯಾಂಬಿ’ ಸಿನಿಮಾವನ್ನು 80ಕ್ಕೂ ಹೆಚ್ಚು ಸಲ ನೋಡಿದ್ದೇನೆ ಅಂತ ಹೇಳಿಕೊಂಡವರು. ಹಾಗಾಗಿ ‘ಡಿಸ್ನಿಯಿಂದ ಬಂದ ಕಣ್ಣು, ಆದ್ದರಿಂದ ಬಿಳಿಯರ ಕಣ್ಣು’ ಅಂತ ವಾದ ಮುಂದುವರಿಯುತ್ತದೆ. ಒಂದು ನಿಮಿಷ! ಬ್ಯಾಂಬಿ ಜಿಂಕೆಮರಿ. ಮಿಕ್ಕಿ ಇಲಿ. ತೆಜುಕಾ ಮೆಚ್ಚಿದ ಇನ್ನೊಬ್ಬಳು ಬೆಟ್ಟಿ ಬೂಪ್, 1930ರಲ್ಲಿ ಮೊದಲ ಸಲ ತೆರೆಗೆ ಬಂದಾಗ ಅವಳಿಗೆ ನಾಯಿಯ ಜೋಲು ಕಿವಿ ಇತ್ತು, ಆಮೇಲೆ ಆ ಕಿವಿಗಳೇ ಓಲೆಗಳಾದವು. ವಂಶಾವಳಿ ಬರೆಯಲು ಕೂತರೆ ಅನಿಮೆ ಕಣ್ಣಿನ ಅಜ್ಜ-ಅಜ್ಜಿಯರು ಒಂದು ಇಲಿ, ಒಂದು ಜಿಂಕೆ, ಒಂದು ನಾಯಿ. ಇದಕ್ಕಿಂತ ಜಾತ್ಯತೀತ ಕಣ್ಣು ಎಲ್ಲಿ ಸಿಗುತ್ತದೆ ಹೇಳಿ.

ಜೊತೆಗೆ ತೆಜುಕಾ ಬೆಳೆದ ಊರು ತಕರಾಜುಕಾ. ಅಲ್ಲಿ 1914ರಿಂದ ಪ್ರದರ್ಶನ ಕೊಡುತ್ತಾ ಬಂದಿರುವ ಹೆಂಗಸರದ್ದೇ ನಾಟಕ ಕಂಪನಿ ಇದೆ, ಗಂಡು ಪಾತ್ರವೂ ಹೆಂಗಸರೇ. ಕಣ್ಣಿನ ಸುತ್ತ ದಪ್ಪ ಮೇಕಪ್, ಮೇಲಿಂದ ಸ್ಪಾಟ್‌ಲೈಟ್, ಕಣ್ಣೊಳಗೆ ಮಿಂಚು. ತಾಯಿ ಜೊತೆ ಹೋಗಿ ಇದನ್ನು ನೋಡುತ್ತಾ ಬೆಳೆದ ಹುಡುಗ ಅವರು. ಅವರಿಗಿಂತ ಮುಂಚೆ, 1930ರ ದಶಕದಲ್ಲೇ, ಹುಡುಗಿಯರ ಪತ್ರಿಕೆಗಳಿಗೆ ಜುನ್‌ಇಚಿ ನಕಾಹಾರಾ ದೊಡ್ಡ ಕಣ್ಣಿನ ಹುಡುಗಿಯರನ್ನು ಬರೆಯುತ್ತಿದ್ದರು. ಅಂದರೆ ಎಲ್ಲವನ್ನೂ ಡಿಸ್ನಿ ಖಾತೆಗೆ ಬರೆಯಬೇಡಿ.

ಈಗ ಪ್ರಶ್ನೆಯನ್ನು ತಿರುಗಿಸೋಣ. ಜಪಾನಿನವರು ಬಿಳಿಯರನ್ನು ಬಿಳಿಯರು ಅಂತಲೇ ಬರೆಯಬೇಕಾದಾಗ ಹೇಗೆ ಬರೆದರು?

1853ರಲ್ಲಿ ಅಮೆರಿಕದ ಪೆರ್ರಿ ಯುದ್ಧನೌಕೆಗಳ ಜೊತೆ ಬಂದು ಜಪಾನಿನ ಬಾಗಿಲು ಬಡಿದ. ಅವನನ್ನು ಕೆಲವು ಚಿತ್ರಗಳಲ್ಲಿ ತೆಂಗು ಥರ ಬರೆದಿದ್ದಾರೆ. ನಮ್ಮ ತೆಂಗಲ್ಲ, ಕಾಯಿ ಬಿಡುವುದಿಲ್ಲ. ತೆಂಗು ಅಂದರೆ ಅಲ್ಲಿನ ಬೆಟ್ಟದ ಭೂತ, ಮಾರುದ್ದ ಮೂಗು. ಆಮೇಲೆ 1945, ಯುದ್ಧದ ಕೊನೆಯ ವರ್ಷ. ನೌಕಾಪಡೆಗಾಗಿ ಮಿತ್ಸುಯೊ ಸೆಒ ಒಂದು ಉದ್ದದ ಅನಿಮೇಷನ್ ಸಿನಿಮಾ ಮಾಡಿದರು, ಮೊಮೊತಾರೊ ಅನ್ನೋ ಜಾನಪದ ಹುಡುಗ ಅದರಲ್ಲಿ ಸೇನಾಪತಿ. ಅವನ ಸೈನಿಕರು ಕರಡಿ, ಕೋತಿ, ನಾಯಿ, ಎಲ್ಲ ಮುದ್ದು ಮುದ್ದು. ಶತ್ರುಗಳು ಬ್ರಿಟಿಷರು: ಉದ್ದ ಕಾಲು, ಉದ್ದ ಮೂಗು, ತಲೆ ಮೇಲೆ ಕೊಂಬು. ಜಪಾನ್ ಆಕ್ರಮಿಸಿದ ದ್ವೀಪದ ಜನರೋ? ಅವರೂ ಪ್ರಾಣಿಗಳೇ, ಕೂರಿಸಿ ಜಪಾನಿ ಅಕ್ಷರಮಾಲೆ ಹಾಡಿಸುತ್ತಾರೆ. ಹಾಡು ಎಷ್ಟು ಚೆನ್ನಾಗಿದೆ ಅಂದರೆ ನೋಡುವವರಿಗೆ ಸ್ವಲ್ಪ ಹೊತ್ತು ಅದರ ವಿಷ ಗೊತ್ತೇ ಆಗುವುದಿಲ್ಲ. ಈ ಸಿನಿಮಾವನ್ನು ಒಸಾಕಾದಲ್ಲಿ ಕೂತು ನೋಡಿ ಮನಸೋತ ಹದಿಹರೆಯದ ಹುಡುಗ ಯಾರು ಗೊತ್ತಾ? ಅದೇ ತೆಜುಕಾ.

ಹಾಗಾಗಿ ‘ಅನಿಮೆಗೆ ಜನಾಂಗವೇ ಗೊತ್ತಿಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿ ಗೊತ್ತು. ಬೇಕಾದಾಗ ತೋರಿಸುತ್ತದೆ, ಬೇಡದಾಗ ಖಾಲಿ ಬಿಡುತ್ತದೆ. ಆ ಖಾಲಿ ಬಿಡುವುದಕ್ಕೆ ಜಪಾನಿಯಲ್ಲಿ ‘ಮುಕೊಕುಸೆಕಿ’ ಅಂತಾರೆ, ಯಾವ ದೇಶದ ಪೌರತ್ವವೂ ಇಲ್ಲದ್ದು ಅಂತ ಅರ್ಥ. ಖಾಲಿ ಮುಖದಲ್ಲಿ ನೋಡುವವರು ತಮ್ಮವರನ್ನೇ ಕಾಣುತ್ತಾರೆ. ಅಮೆರಿಕದವನಿಗೆ ಬಿಳಿಯ, ಜಪಾನಿನವನಿಗೆ ಪಕ್ಕದ ಮನೆಯವನು.

ಇಲ್ಲಿಯವರೆಗೂ ನಾನು ಅನಿಮೆ ಪರ ವಕೀಲನ ಥರ ಮಾತಾಡಿದೆ, ಅಲ್ವಾ? ಈಗ ಒಂದು ತಕರಾರು.

ನಯೋಮಿ ಒಸಾಕಾ, ಟೆನಿಸ್ ಆಟಗಾರ್ತಿ. ತಾಯಿ ಜಪಾನಿನವರು, ತಂದೆ ಹೈಟಿಯವರು. 2018ರಲ್ಲಿ ಯುಎಸ್ ಓಪನ್ ಗೆದ್ದರು. 2019ರ ಜನವರಿಯಲ್ಲಿ ನಿಸ್ಸಿನ್ ಕಂಪನಿ ಕಪ್ ನೂಡಲ್ಸ್‌ಗೆ ಅನಿಮೆ ಜಾಹೀರಾತು ಮಾಡಿತು, ಅದರಲ್ಲಿ ಒಸಾಕಾ ಇದ್ದರು. ಚರ್ಮ ತೆಳು, ಕೂದಲು ತಿಳಿ ಕಂದು. ಕಪ್ಪು ಮೈಬಣ್ಣದ, ಜೀವಂತ ಇರುವ, ಎಲ್ಲರೂ ಟಿವಿಯಲ್ಲಿ ನೋಡಿದ ಹೆಣ್ಣುಮಗಳು ಆ ‘ಖಾಲಿ’ ಮುಖದೊಳಗೆ ಹೋಗಿ ಬೆಳ್ಳಗಾಗಿ ಹೊರಗೆ ಬಂದರು! ಗಲಾಟೆ ಆಯಿತು, ಕಂಪನಿ ಕ್ಷಮೆ ಕೇಳಿ ಜಾಹೀರಾತು ತೆಗೆಯಿತು. ಮುಂದಿನ ಸಲ ನನ್ನನ್ನು ಚಿತ್ರಿಸುವ ಮೊದಲು ನನ್ನ ಹತ್ತಿರ ಮಾತಾಡಲಿ ಅಂತ ಒಸಾಕಾ ಹೇಳಿದರು. ಆ ಖಾಲಿ ಜಾಗಕ್ಕೂ ಒಂದು ಬಣ್ಣ ಮೊದಲೇ ಇತ್ತು, ಅದನ್ನು ಯಾರೂ ಬಣ್ಣ ಅಂತ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಜಪಾನಿನ ಕ್ರೇಯಾನ್ ಡಬ್ಬಿಯಲ್ಲಿ ‘ಹದಾ ಇರೊ’ ಅಂತ ಒಂದು ಬಣ್ಣ ಇತ್ತು, ಚರ್ಮದ ಬಣ್ಣ ಅಂತ. 2000ದ ಆಸುಪಾಸಿನಲ್ಲಿ ಕಂಪನಿಗಳು ಅದರ ಹೆಸರು ಬದಲಿಸಿ ತಿಳಿ ಕಿತ್ತಳೆ ಅಂತ ಮಾಡಿದವು. ನಗಬೇಡಿ, ನಮ್ಮ ಸ್ಕೂಲಲ್ಲೂ ‘ಸ್ಕಿನ್ ಕಲರ್’ ಕ್ರೇಯಾನ್ ಇತ್ತು. ಕ್ಲಾಸಿನಲ್ಲಿ ನಲವತ್ತೆರಡು ಮಕ್ಕಳು, ಒಬ್ಬರ ಕೈಗೂ ಅದು ಹೊಂದುತ್ತಿರಲಿಲ್ಲ. ಆದರೂ ಎಲ್ಲರೂ ಅದನ್ನೇ ಹಚ್ಚಿದೆವು. ನಮ್ಮ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಶುರು ಮಾಡಿದ ಅಮರ ಚಿತ್ರಕಥೆಯಲ್ಲೂ ಬೆಳ್ಳಗಿನ ನಾಯಕಿ, ಕಪ್ಪಗಿನ ರಾಕ್ಷಸ ಅನ್ನೋ ಟೀಕೆ ಇದ್ದೇ ಇದೆ.

ಅಯ್ಯೋ, ಟೈಮ್ ನೋಡಿದೆ. ಗೋಕು ಕೂದಲಿಗೇ ಜಾಸ್ತಿ ಹೊತ್ತು ಹೋಯಿತು, ಕ್ಷಮಿಸಿ. ಉಳಿದದ್ದನ್ನು ಒಂದೇ ಗಂಟು ಕಟ್ಟಿ ಕೊಡುತ್ತೇನೆ.

(ಪರದೆ ಮೇಲೆ: ಚಿತ್ರಗಳು ಒಂದರ ಹಿಂದೆ ಒಂದು ಬೇಗ ಬೇಗ)

ಪೋಕೆಮಾನ್‌ನ ಜಿಂಕ್ಸ್: ಕಪ್ಪು ಮುಖ, ದಪ್ಪ ತುಟಿ, ಕರಿಯರನ್ನು ಅಣಕಿಸುವ ಹಳೆಯ ಚಿತ್ರಗಳ ಹಾಗಿದೆ ಅಂತ ಅಮೆರಿಕದಲ್ಲಿ ತಕರಾರು ಬಂತು, ಆಮೇಲೆ ನೇರಳೆ ಮಾಡಿದರು. 1990ರಲ್ಲೇ ಹಿದೆಆಕಿ ಅನ್ನೊ ‘ನಾದಿಯಾ’ ಅನ್ನೋ ಕಂದು ಬಣ್ಣದ ಹುಡುಗಿಯನ್ನು ನಾಯಕಿ ಮಾಡಿದ್ದರು, ಸರಕಾರಿ ಚಾನೆಲ್‌ಗೆ ಸಮ ಅನ್ನಬಹುದಾದ ಎನ್‌ಎಚ್‌ಕೆಯಲ್ಲಿ, ಅಂದರೆ ಬರೆಯಲು ಬರುವುದಿಲ್ಲ ಅಂತೇನಿಲ್ಲ. ದೂರದರ್ಶನದಲ್ಲಿ ಹಿಂದಿಯಲ್ಲಿ ಬರುತ್ತಿದ್ದ ಚಡ್ಡಿ ಹಾಕಿದ ಮೋಗ್ಲಿ ಕೂಡ 1989ರ ಜಪಾನಿ ಅನಿಮೆ, ನಾವ್ಯಾರೂ ಅವನನ್ನು ಜಪಾನಿನವನು ಅಂದುಕೊಳ್ಳಲಿಲ್ಲ. ಇನ್ನು 1992ರ ರಾಮಾಯಣ, ಯುಗೊ ಸಾಕೊ ಮತ್ತು ನಮ್ಮ ರಾಮ್ ಮೋಹನ್ ಸೇರಿ ನಿರ್ದೇಶಿಸಿದ್ದು, 2025ರ ಜನವರಿಯಲ್ಲಿ ಥಿಯೇಟರಿಗೆ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲಿ ಬಂತು (ಕನ್ನಡ ಎಲ್ಲಿ ಅಂತ ನನ್ನನ್ನು ಕೇಳಬೇಡಿ, ಹೊಟ್ಟೆ ಉರಿಯುತ್ತದೆ). ಅದರ ರಾಮನ ಕಣ್ಣು ಪೂರ್ತಿ ಅನಿಮೆ ಕಣ್ಣು. ಧೋತರ ಉಡಿಸಿ, ಬಿಲ್ಲು ಕೊಟ್ಟು, ಅಯೋಧ್ಯೆಯಲ್ಲಿ ನಿಲ್ಲಿಸಿದ್ದಾರೆ. ಅವನು ಎಲ್ಲಿಯವನು ಅಂತ ಯಾರಿಗೂ ಅನುಮಾನ ಬರಲಿಲ್ಲ.

ಇಷ್ಟೂ ಓದಿಕೊಂಡು, ಫೋನ್ ಮಾಡಿ, ನಮ್ಮ ಪುಟ್ಟಿಗೆ ಇಂಕು, ಬ್ರೂಸ್ ಲೀ, ಜಿಂಕೆಮರಿ, ಎಲ್ಲ ವಿವರಿಸಿದೆ. ಇಪ್ಪತ್ತು ನಿಮಿಷ. ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅಂದಳು: "ಸರಿ ಮಾವ. ಮತ್ತೆ ಡೋರೇಮಾನ್ ಯಾಕೆ ನೀಲಿ?"

ಅವನು ಮೊದಲು ಹಳದಿ ಇದ್ದ. ಕಿವಿಯನ್ನು ಇಲಿ ಕಡಿದು ಹಾಕಿತು. ಅದು ಮುಂದಿನ ವಾರ.