ಧರ್ಮದ ಸಭೆ, ಪ್ರಜೆಗಳ ಸಭೆ

ಕೇಳುಗರೆಲ್ಲರಿಗೂ ನಮಸ್ಕಾರ. ಧರ್ಮಕ್ಕೂ ಪ್ರಜಾಪ್ರಭುತ್ವಕ್ಕೂ ಇರುವ ಸಂಬಂಧದ ಚರ್ಚೆಯನ್ನು ಯುರೋಪಿನ ರಾಜರು ಮತ್ತು ಚರ್ಚುಗಳ ಜಗಳದಿಂದ ಆರಂಭಿಸುವುದು ವಾಡಿಕೆ. ಕಲಬುರಗಿಯಲ್ಲಿ ಕುಳಿತವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ನಮ್ಮದೇ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ, 1986ರಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿದು ಬಿದ್ದಾಗ, ದೇವಿಯ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಮೇಲೆ ಅಶೋಕನ ಶಾಸನಗಳಿರುವುದು ಬೆಳಕಿಗೆ ಬಂತು. ಮೂರ್ತಿಯನ್ನು ನಿಲ್ಲಿಸಲೆಂದು ಯಾವುದೋ ಕಾಲದಲ್ಲಿ ಅದರ ನಡುವೆ ಕುಳಿ ಕೊರೆದಿದ್ದರಿಂದ ಬ್ರಾಹ್ಮೀ ಲಿಪಿಯ ಕೆಲವು ಅಕ್ಷರಗಳು ಅಳಿದುಹೋಗಿವೆ.

ಆ ಚಪ್ಪಡಿಯ ಒಂದು ಮುಖದಲ್ಲಿ ಹನ್ನೆರಡನೆಯ ಶಿಲಾಶಾಸನವಿದೆ. ತನ್ನ ಪಂಥದ ಮೇಲಿನ ಅತಿಯಾದ ಭಕ್ತಿಯಿಂದ ಅದನ್ನೇ ಹೊಗಳಿ ಪರರ ಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಆದ್ದರಿಂದ ಮಾತಿನಲ್ಲಿ ಹಿಡಿತವಿರಲಿ, ಒಬ್ಬರ ಧರ್ಮವನ್ನು ಇನ್ನೊಬ್ಬರು ಕಿವಿಗೊಟ್ಟು ಕೇಳಲಿ ಎಂಬುದು ಅದರ ಸಾರ. ಇನ್ನೊಂದು ಮುಖದಲ್ಲಿರುವುದು ಅಧಿಕಾರಿಗಳನ್ನು ಉದ್ದೇಶಿಸಿದ ಪ್ರತ್ಯೇಕ ಶಾಸನಗಳು. ಎಲ್ಲ ಮನುಷ್ಯರೂ ನನ್ನ ಮಕ್ಕಳು ಎಂದು ಅರಸನು ಸಾರಿದ್ದು ಈ ಶಾಸನಗಳಲ್ಲೇ. ಮೊದಲನೆಯ ಮಾತನ್ನು ಇಂದಿನ ಯಾವ ಪ್ರಜಾಪ್ರಭುತ್ವವೂ ತನ್ನದೆಂದು ಒಪ್ಪಿಕೊಳ್ಳಬಹುದು. ಎರಡನೆಯದು ಎಷ್ಟೇ ಕರುಣೆಯದಾಗಿದ್ದರೂ ಅದನ್ನು ಒಪ್ಪಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಮಕ್ಕಳು ತಂದೆಯ ದಯೆಯನ್ನು ಬೇಡಬಹುದೇ ಹೊರತು ಆಡಳಿತದ ಲೆಕ್ಕ ಕೇಳಲಾರರು.

ಈ ವ್ಯತ್ಯಾಸವನ್ನು ಡಾ. ಅಂಬೇಡ್ಕರ್ ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾತನಾಡುತ್ತ ಅವರು ಬೌದ್ಧ ಭಿಕ್ಷು ಸಂಘಗಳನ್ನು ನೆನೆದರು. ಸದಸ್ಯರು ಕೂರುವ ಕ್ರಮ, ನಿರ್ಣಯ ಮಂಡನೆ, ಕೋರಂ ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಾತಿ, ಮತ ಎಣಿಕೆ ಇವೆಲ್ಲಕ್ಕೂ ಆ ಸಂಘಗಳಲ್ಲಿ ನಿಯಮಗಳಿದ್ದವು, ಸಂಸದೀಯ ಪದ್ಧತಿ ಈ ನೆಲಕ್ಕೆ ಹೊಸದಲ್ಲ ಎಂದರು. ಅದೇ ಭಾಷಣದಲ್ಲಿ, ಧರ್ಮದಲ್ಲಿ ಭಕ್ತಿಯು ಆತ್ಮದ ಬಿಡುಗಡೆಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಮಾತ್ರ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ಒಯ್ಯುತ್ತದೆ ಎಂದು ಎಚ್ಚರಿಸಿದರು. ಎರಡನ್ನೂ ಒಟ್ಟಿಗೆ ಓದಿದಾಗ ಅವರ ನಿಲುವು ತಿಳಿಯುತ್ತದೆ. ಧರ್ಮವು ಜನರನ್ನು ಸಮಾನರಾಗಿ ಕೂರಿಸಿ ಚರ್ಚೆ ಕಲಿಸಿದ್ದರೆ ರಾಜಕಾರಣ ಅದನ್ನು ಕೃತಜ್ಞತೆಯಿಂದ ಪಡೆಯಬೇಕು, ಶರಣಾಗತಿಯನ್ನು ಕಲಿಸಿದ್ದರೆ ಅದನ್ನು ದೇವರ ಸನ್ನಿಧಿಯಲ್ಲೇ ಬಿಟ್ಟು ಬರಬೇಕು.

ನೆರೆಯ ಬಸವಕಲ್ಯಾಣದ ಅನುಭವ ಮಂಟಪವನ್ನು ಜಗತ್ತಿನ ಮೊದಲ ಸಂಸತ್ತು ಎಂದು ನಮ್ಮ ಜನ ಅಭಿಮಾನದಿಂದ ಕರೆಯುತ್ತಾರೆ. ಆ ಅಭಿಮಾನ ನನಗೂ ಇದೆ. ಆದರೂ ಅಲ್ಲಿ ಚುನಾವಣೆ ಇರಲಿಲ್ಲ, ರಾಜ್ಯ ಬಿಜ್ಜಳನದಾಗಿತ್ತು. ಮಂಟಪದ ಹಿರಿಮೆ ಇರುವುದು ಬೇರೆಡೆ. ಶರಣರ ಸಂವಾದಗಳ ಗ್ರಂಥವಾದ ಶೂನ್ಯಸಂಪಾದನೆಯಲ್ಲಿ ಪೀಠದ ಮೇಲೆ ಕುಳಿತ ಅಲ್ಲಮಪ್ರಭು ಆಗತಾನೇ ಬಂದ ಅಕ್ಕಮಹಾದೇವಿಯನ್ನು ಕಟುವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಾನೆ; ಆಕೆ ತಲೆತಗ್ಗಿಸದೆ ತುಂಬಿದ ಸಭೆಯಲ್ಲಿ ಒಂದೊಂದಕ್ಕೂ ಉತ್ತರಿಸುತ್ತಾಳೆ. ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವ, ಎಲ್ಲರೂ ತಮ್ಮ ಅನುಭವದ ಬಲದಿಂದ ಮಾತನಾಡಿದ ಸಭೆ ಅದು. ಹಾಗಿದ್ದರೂ ಸಮಗಾರ ಹರಳಯ್ಯ ಮತ್ತು ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆಯನ್ನು ಅರಸೊತ್ತಿಗೆ ಸಹಿಸಲಿಲ್ಲ, ಕಲ್ಯಾಣ ಚದುರಿಹೋಯಿತು ಎಂದು ಪರಂಪರೆ ಹೇಳುತ್ತದೆ. ಧರ್ಮವು ಒಪ್ಪಿದ ಸಮಾನತೆಯ ಬೆನ್ನಿಗೆ ಅಂದು ಕಾನೂನು ಇರಲಿಲ್ಲ.

ಇಂದು ಇದೆ. 1948ರ ಸೆಪ್ಟೆಂಬರ್‌ವರೆಗೆ ನಿಜಾಮನ ಪ್ರಜೆಗಳಾಗಿದ್ದ ನಾವು ಇಂದು ಮತದಾರರು. ಸಂವಿಧಾನದ 25ನೆಯ ವಿಧಿ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಕೊಡುವಾಗಲೇ ಅದನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ ಮತ್ತು ಇತರ ಮೂಲಭೂತ ಹಕ್ಕುಗಳಿಗೆ ಒಳಪಡಿಸಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಭ್ರಷ್ಟ ಆಚರಣೆ.

ಆದರೆ ಕಾನೂನಿನ ಅಕ್ಷರ ಹಳ್ಳಿಯವರೆಗೆ ತಲುಪುವ ಬಗೆಯನ್ನು ಗಮನಿಸಬೇಕು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕೆಂಬ ನಿಯಮವಿದೆ. ಗುಡಿಯ ಕಟ್ಟೆಯ ಮೇಲೆ ಆ ಸಭೆ ನಡೆಯುವುದೂ ಉಂಟು. ನೆರಳಿದೆ, ಧ್ವನಿವರ್ಧಕವಿದೆ, ಜನ ಸೇರುವ ಜಾಗ, ಹಾಗಾಗಿ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಆದರೆ ಹಿರಿಯರ ಕಾಲದಿಂದ ಆ ಕಟ್ಟೆ ಹತ್ತದ ಓಣಿಯ ಹೆಣ್ಣುಮಗಳು, ಕೈಯಲ್ಲಿ ಅರ್ಜಿ ಹಿಡಿದು, ಸೆರಗು ಹೊದ್ದು, ದೂರದ ಬೇವಿನ ಮರದ ಕೆಳಗೆ ನಿಂತೇ ಇರುತ್ತಾಳೆ. ಮನೆ ಹಂಚಿಕೆಯ ಪಟ್ಟಿಯನ್ನು ಓದಿ ಮುಗಿಸುವಾಗ ಆಕೆಗೆ ಅರ್ಧ ಮಾತೂ ಕೇಳಿಸಿರುವುದಿಲ್ಲ, ನಡಾವಳಿಯಲ್ಲಿ ಮಾತ್ರ ಸರ್ವಾನುಮತ ಎಂದು ದಾಖಲಾಗುತ್ತದೆ. ಈ ಭಾಷಣವನ್ನು ಕೇಳುತ್ತಿರುವ ಪಂಚಾಯಿತಿ ಸದಸ್ಯರಲ್ಲಿ ಮತ್ತು ಅಭಿವೃದ್ಧಿ ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಗ್ರಾಮಸಭೆಯನ್ನು ಶಾಲೆಯ ಅಂಗಳದಲ್ಲಿ ಕರೆಯಿರಿ, ಮತ್ತು ಪಟ್ಟಿಯನ್ನು ಓದುವ ಮೊದಲು ಆಕೆಯ ಅರ್ಜಿಯನ್ನು ಆಕೆಯ ಬಾಯಿಂದಲೇ ಕೇಳಿರಿ. ನಮಸ್ಕಾರ.